ಟಾಮ್ ಪೆಟ್ಟಿ: ಹಾಡು ಒಬ್ಬನದೋ, ಐವರದೋ?

ಹಳೇಕ್ಯಾಸೆಟ್

ಡಿಲನ್ ಬಗ್ಗೆ, ಸ್ಪ್ರಿಂಗ್‌ಸ್ಟೀನ್ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಅದೇ ಅಮೆರಿಕದ ರಾಕ್ ಹಾಡುಗಾರ ಟಾಮ್ ಪೆಟ್ಟಿ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಅದಕ್ಕೇ ಈ ಚರ್ಚೆ ನಾನೇ ಶುರು ಮಾಡ್ತಿದ್ದೇನೆ.

ನನಗೆ ಪೆಟ್ಟಿ ಪರಿಚಯವಾದದ್ದು 1993ರ 'ಗ್ರೇಟೆಸ್ಟ್ ಹಿಟ್ಸ್' ಕ್ಯಾಸೆಟ್‌ನಿಂದ. ಬಹಳ ವರ್ಷ ಅವನೊಬ್ಬ ಹಾಡುಗಾರ ಅಂತಲೇ ತಿಳಿದಿದ್ದೆ. ಹಿಂದೆ ನುಡಿಸುವವರ ಹೆಸರು ಓದುವ ಗೋಜಿಗೂ ಹೋಗಿರಲಿಲ್ಲ. ಈಗ ಕೇಳಿದರೆ ಮೊದಲು ಕಿವಿಗೆ ಬೀಳುವುದೇ ಆ ಹಿಂದಿನವರು. 'ರೆಫ್ಯೂಜಿ' ಹಾಡಿನಿಂದ ಬೆನ್ಮಾಂಟ್ ಟೆಂಚ್‌ನ ಹ್ಯಾಮಂಡ್ ಆರ್ಗನ್ ತೆಗೆದುಬಿಡಿ, ಏನು ಉಳಿಯುತ್ತದೆ? ಮೂರ್ನಾಲ್ಕು ಕಾರ್ಡು, ಒಂದು ಮೂಗುದನಿ. ಆ ಹಾಡನ್ನು ಸ್ಟುಡಿಯೋದಲ್ಲಿ ನೂರಕ್ಕೂ ಹೆಚ್ಚು ಸಲ ನುಡಿಸಿದ್ದರಂತೆ. ಗಿಟಾರ್ ನುಡಿಸುವ ಮೈಕ್ ಕ್ಯಾಂಪ್‌ಬೆಲ್ ಒಂದು ಹಂತದಲ್ಲಿ ಬೇಸತ್ತು ಎರಡು ದಿನ ಎದ್ದೇ ಹೋಗಿದ್ದ. ಅಷ್ಟು ಸಲ ನುಡಿಸಿದ್ದರ ದಣಿವು ರೆಕಾರ್ಡಿನಲ್ಲಿ ಒಂದು ಚೂರೂ ಇಲ್ಲ.

ಯಕ್ಷಗಾನ ನೋಡುತ್ತಾ ಬೆಳೆದವನು ನಾನು. ಭಾಗವತರ ಕಂಠ ಎಷ್ಟೇ ಚೆನ್ನಾಗಿರಲಿ, ಮದ್ದಳೆಯವರಿಗೆ ಎಲ್ಲಿ ಕೈ ತಡೆಯಬೇಕು ಅನ್ನುವುದು ಗೊತ್ತಿರದಿದ್ದರೆ ಪದ ಏಳುವುದಿಲ್ಲ. ಪೆಟ್ಟಿಯ ಬ್ಯಾಂಡ್ ಹಾರ್ಟ್‌ಬ್ರೇಕರ್ಸ್ ನನಗೆ ಅಂಥ ಹಿಮ್ಮೇಳ. 1976ರ ಮೊದಲ ಆಲ್ಬಮ್‌ನಿಂದ 2017ರ ಸೆಪ್ಟೆಂಬರ್ 25ರ ಹಾಲಿವುಡ್ ಬೌಲ್ ಕಾರ್ಯಕ್ರಮದವರೆಗೆ ಕ್ಯಾಂಪ್‌ಬೆಲ್ ಮತ್ತು ಟೆಂಚ್ ಅವನ ಎಡಬಲ ಬಿಟ್ಟು ಕದಲಲಿಲ್ಲ. ಬ್ಯಾಂಡ್ ಇಲ್ಲದಿದ್ದರೆ ಟಾಮ್ ಪೆಟ್ಟಿ ಇರುತ್ತಿರಲಿಲ್ಲ ಅನ್ನುವುದು ನನ್ನ ವಾದ. ನೀವೇನಂತೀರಿ?

ಆರುತಂತಿ

ಸರ್, ನನ್ನ ಓಟು ನಿಮಗೇ. ನಾನು ಗಿಟಾರ್ ಹೇಳಿಕೊಡುವವನು. ಹೊಸ ಹುಡುಗರಿಗೆ ಎರಡನೇ ತಿಂಗಳಿಗೇ 'ಫ್ರೀ ಫಾಲಿಂಗ್' ಕೊಡ್ತೇನೆ. ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿಕೊಂಡರೆ ಎಡಗೈಗೆ ಓಡಾಟವೇ ಇಲ್ಲ. ಆದರೆ ನುಡಿಸಿ ಮುಗಿಸಿದ ಮೇಲೆ "ಸರ್, ರೆಕಾರ್ಡಿನ ಥರ ಬರ್ತಿಲ್ಲ" ಅಂತಾರೆ. ಬರೋದಿಲ್ಲ. ಸುಲಭವಾದ ಹಾಡನ್ನು ಸುಲಭವಾಗಿಯೇ ಉಳಿಸಿಕೊಂಡು ತುಂಬು ಸದ್ದು ತರೋದು ಬಹಳ ಕಷ್ಟದ ಕೆಲಸ.

ಕ್ಯಾಂಪ್‌ಬೆಲ್ ಸಿಕ್ಕ ಕಥೆ ಗೊತ್ತಲ್ಲ? ಫ್ಲೋರಿಡಾದ ಗೇನ್ಸ್‌ವಿಲ್ ಊರು, 1970. ಪೆಟ್ಟಿಯ ಆಗಿನ ಬ್ಯಾಂಡ್ ಮಡ್‌ಕ್ರಚ್. ರಾಂಡಲ್ ಮಾರ್ಷ್ ಅನ್ನುವ ಡ್ರಮ್ಮರ್‌ನನ್ನು ನೋಡಲು ಅವನ ಮನೆಗೆ ಹೋಗಿದ್ದಾರೆ. ಗಿಟಾರ್ ನುಡಿಸುವವರೂ ಒಬ್ಬರು ಬೇಕಿತ್ತು ಅಂದಾಗ ಪಕ್ಕದ ಕೋಣೆಯಿಂದ ಒಬ್ಬ ಸಣಕಲು ಹುಡುಗ ಅಗ್ಗದ ಜಪಾನಿ ಗಿಟಾರ್ ಹಿಡಿದು ಬಂದ. ಆ ಗಿಟಾರ್ ನೋಡಿಯೇ ಇವರ ಮುಖ ಬಾಡಿತು. ಅವನು 'ಜಾನಿ ಬಿ. ಗುಡ್' ನುಡಿಸಿದ. ಮುಗಿಯುವಷ್ಟರಲ್ಲಿ ಪೆಟ್ಟಿ ಅವನನ್ನು ಬ್ಯಾಂಡಿಗೆ ಸೇರಿಸಿಕೊಂಡಾಗಿತ್ತು. ಅಲ್ಲಿಂದ ಮುಂದೆ ನಲವತ್ತೇಳು ವರ್ಷ.

ಇನ್ನೊಂದು ವಿಷಯ. 'ಅಮೆರಿಕನ್ ಗರ್ಲ್' ಶುರುವಿನ ಆ ಗಲಗಲ ಸದ್ದನ್ನು ಎಲ್ಲರೂ ಹನ್ನೆರಡು ತಂತಿಯ ಗಿಟಾರ್ ಅಂದುಕೊಳ್ಳುತ್ತಾರೆ. ಅಲ್ಲ, ಅದು ಎರಡು ಆರು ತಂತಿಯ ಗಿಟಾರ್‌ಗಳು. ಒಬ್ಬ ಬಿಟ್ಟ ಜಾಗವನ್ನು ಇನ್ನೊಬ್ಬ ತುಂಬುತ್ತಾನೆ. ಹೆಡ್‌ಫೋನ್ ಹಾಕಿಕೊಂಡು ಮೊದಲ ಇಪ್ಪತ್ತು ಸೆಕೆಂಡು ಕೇಳಿ, ಗೊತ್ತಾಗುತ್ತೆ. ರೆಕಾರ್ಡ್ ಆದದ್ದು 1976ರ ಜುಲೈ 4, ಅವರ ದೇಶಕ್ಕೆ ಇನ್ನೂರು ವರ್ಷ ತುಂಬಿದ ದಿನ.

ಧಾರವಾಡದಾಕಿ

ನಿಮ್ಮಿಬ್ಬರ ಮಾತೂ ಛಲೋ ಅದಾವ, ಆದ್ರ ನಾ ಒಪ್ಪೂದಿಲ್ರೀ.

'ಫುಲ್ ಮೂನ್ ಫೀವರ್' ಆಲ್ಬಮ್ ತಗೋರಿ. 1989. ಮುಖಪುಟದ ಮ್ಯಾಲೆ ಒಬ್ಬನ ಹೆಸರು. ಹೆಚ್ಚಿನ ಹಾಡು ಕ್ಯಾಂಪ್‌ಬೆಲ್‌ನ ಗ್ಯಾರೇಜಿನ್ಯಾಗ ರೆಕಾರ್ಡ್ ಆದ್ವು, ನಿರ್ಮಾಪಕ ಜೆಫ್ ಲಿನ್ ಜೋಡಿ ಪೆಟ್ಟಿ ಕುಂತು ಬರದ, ಜೋಡಿ ಕುಂತು ಮಾಡಿದ. ಡ್ರಮ್ ನುಡಿಸಿದಾಂವ ಫಿಲ್ ಜೋನ್ಸ್, ಬ್ಯಾಂಡಿನ ಡ್ರಮ್ಮರ್ ಸ್ಟ್ಯಾನ್ ಲಿಂಚ್ ಅಲ್ಲ. ಕ್ಯಾಂಪ್‌ಬೆಲ್ ಒಬ್ಬನ್ನ ಬಿಟ್ರ ಉಳದವರ ಪಾಲು ಭಾಳ ಕಡಿಮಿ. 'ಫ್ರೀ ಫಾಲಿಂಗ್', 'ಐ ವೋಂಟ್ ಬ್ಯಾಕ್ ಡೌನ್', 'ರನ್ನಿಂಗ್ ಡೌನ್ ಎ ಡ್ರೀಮ್' ಎಲ್ಲಾ ಅದರಾಗಿನವೇ. ಜಗತ್ತು ಅವನ್ನ ನೆನಪಿಟ್ಟಿದ್ದು ಯಾವ ಹಾಡಿಗೆ? ಬ್ಯಾಂಡ್ ಇಲ್ಲದ ಹಾಡಿಗೇ ಅಲ್ಲೇನು?

ರೆಕಾರ್ಡ್ ಕಂಪನಿಯವರು ಮೊದಲ ಸಲ ಆ ಆಲ್ಬಮ್ ಕೇಳಿ ಇದರಾಗ ಹಿಟ್ ಇಲ್ಲ ಅಂತ ವಾಪಸ್ ಕಳಿಸಿದ್ರು. ಅಂವ ಸುಮ್ಮನ ಕಾದ. ಕಂಪನಿಯಾಗಿನ ದೊಡ್ಡ ಮಂದಿ ಬದಲಾದ ಮ್ಯಾಲೆ ಹೆಚ್ಚುಕಡಿಮಿ ಅದನ್ನ ಮತ್ತ ಕೊಟ್ಟ. ಹಾಡು ಬರಿಯಾಂವಗ ತನ್ನ ಹಾಡಿನ ಮ್ಯಾಲೆ ಇರೂ ನಂಬಿಕಿ ಅದು. ಅದು ಐದು ಮಂದಿ ಕಡಿಂದ ಬರೂದಲ್ಲ.

ಹಳೇಕ್ಯಾಸೆಟ್

ಅಕ್ಕಾ, ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಆದರೆ ನೀವೇ ಹೇಳಿದಿರಿ: ಆ ಗ್ಯಾರೇಜು ಯಾರದು? ಸಹ ನಿರ್ಮಾಪಕ ಯಾರು? 'ರನ್ನಿಂಗ್ ಡೌನ್ ಎ ಡ್ರೀಮ್' ಕೊನೆಯಲ್ಲಿ ನಿಲ್ಲದೆ ಓಡುವ ಆ ಗಿಟಾರ್ ಯಾರದು? ಒಬ್ಬನೇ ಹೊರಟಾಗಲೂ ಅವನು ಕ್ಯಾಂಪ್‌ಬೆಲ್‌ನನ್ನು ಬಿಟ್ಟು ಹೋಗಲಿಲ್ಲ.

ಹಕ್ಕುಪತ್ರ

ಹಾಡಿನ ಮಾತಿನಲ್ಲಿ ದುಡ್ಡಿನ ಮಾತು ತರುತ್ತಿದ್ದೇನೆ, ಬೇಸರ ಬೇಡ. ನಾನು ಕರಾರುಗಳನ್ನು ಓದಿಯೇ ಹೊಟ್ಟೆ ಹೊರೆಯುವವನು, ಹಾಗಾಗಿ ಪೆಟ್ಟಿಯ ಬದುಕಿನಲ್ಲಿ ನನ್ನನ್ನು ಹಿಡಿದಿಟ್ಟದ್ದು 1979.

ಮಡ್‌ಕ್ರಚ್ 1974ರಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ ಶೆಲ್ಟರ್ ಎಂಬ ಕಂಪನಿ ಸೇರಿತು. ಒಂದು ಸಿಂಗಲ್ (ಬಿಡಿ ಹಾಡಿನ ರೆಕಾರ್ಡು) ಬಂತು, ಓಡಲಿಲ್ಲ, ಬ್ಯಾಂಡ್ ಒಡೆಯಿತು. ಸಹಿ ಹಾಕುವಾಗ ಪೆಟ್ಟಿ ತನ್ನ ಹಾಡುಗಳ ಪಬ್ಲಿಷಿಂಗ್ ಹಕ್ಕನ್ನೂ, ಅಂದರೆ ಬರೆದ ಹಾಡಿನಿಂದ ಬರುವ ದುಡ್ಡಿನ ಹಕ್ಕನ್ನೂ, ಬರೆದುಕೊಟ್ಟಿದ್ದ. ಪಬ್ಲಿಷಿಂಗ್ ಅಂದರೆ ಹಾಡಿನ ಪುಸ್ತಕ ಅಚ್ಚು ಹಾಕಿಸುವುದು ಅಂದುಕೊಂಡಿದ್ದನಂತೆ. ಇಪ್ಪತ್ತು ದಾಟಿದ ಹುಡುಗ, ಅದನ್ನು ಬಿಡಿಸಿ ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಮುಂದೆ ಶೆಲ್ಟರ್‌ನ ಹಂಚಿಕೆ ನೋಡುತ್ತಿದ್ದ ಎ.ಬಿ.ಸಿ. ರೆಕಾರ್ಡ್ಸ್ ಅನ್ನು ಎಂ.ಸಿ.ಎ. ಕೊಂಡಿತು. ಜಮೀನಿನ ಜೊತೆ ಎತ್ತುಗಳನ್ನೂ ಮಾರಿದ ಹಾಗೆ ಕಲಾವಿದರೂ ಹೊಸ ಧಣಿಯ ಪಾಲಾದರು. ತನ್ನನ್ನು ಕೇಳದೆ ಕೈ ಬದಲಿಸುವ ಹಾಗಿಲ್ಲ ಅಂತ ಪೆಟ್ಟಿ ಎದ್ದು ನಿಂತ. ಮೊಕದ್ದಮೆ ಬಂತು. ಅವನು ದಿವಾಳಿ ಅರ್ಜಿ ಹಾಕಿದ. ಅದು ತಂತ್ರ: ದಿವಾಳಿಯಾದರೆ ಹಳೆಯ ಕರಾರುಗಳನ್ನು ನ್ಯಾಯಾಲಯ ಹೊಸದಾಗಿ ನೋಡಬೇಕಾಗುತ್ತದೆ. ಅದೇ ಹೊತ್ತಿಗೆ ನಿರ್ಮಾಪಕ ಜಿಮ್ಮಿ ಐವೀನ್ ಜೊತೆ 'ಡ್ಯಾಮ್ ದಿ ಟಾರ್ಪಿಡೋಸ್' ಆಲ್ಬಮ್ಮಿನ ರೆಕಾರ್ಡಿಂಗ್ ನಡೆಯುತ್ತಿತ್ತು. ದಿನದ ಕೆಲಸ ಮುಗಿದ ಮೇಲೆ ಅವನ ಬಹುಕಾಲದ ಸಹಾಯಕ ಬಗ್ಸ್ ವೈಡಲ್ ಟೇಪುಗಳನ್ನು ಹೊತ್ತುಕೊಂಡು ಹೋಗಿ ಎಲ್ಲೋ ಇಡುತ್ತಿದ್ದ. ಎಲ್ಲಿ ಅಂತ ಪೆಟ್ಟಿ ಕೇಳುತ್ತಿರಲಿಲ್ಲ. ಕೋರ್ಟಿನಲ್ಲಿ ಪ್ರಮಾಣ ಮಾಡಿಸಿ ಟೇಪು ಎಲ್ಲಿ ಎಂದು ಕೇಳಿದರೆ ಗೊತ್ತಿಲ್ಲ ಅನ್ನುವುದು ನಿಜವಾಗಿರಬೇಕಿತ್ತಲ್ಲ. ಖರ್ಚಿಗೆ ದುಡ್ಡು ಹುಟ್ಟಿಸಲು ಮಾಡಿದ ಪ್ರವಾಸಕ್ಕೆ 'ಲಾಸೂಟ್ ಟೂರ್' ಅಂತಲೇ ಹೆಸರಿಟ್ಟರು.

ಕೊನೆಗೆ ರಾಜಿಯಾಯಿತು. ಎಂ.ಸಿ.ಎ. ಅಡಿಯಲ್ಲೇ ಬ್ಯಾಕ್‌ಸ್ಟ್ರೀಟ್ ಎಂಬ ಹೊಸ ಲೇಬಲ್‌ನಿಂದ ಆಲ್ಬಮ್ ಹೊರಬಂತು, ಅಮೆರಿಕದ ಪಟ್ಟಿಯಲ್ಲಿ ಏಳು ವಾರ ಎರಡನೇ ಸ್ಥಾನದಲ್ಲಿ ನಿಂತಿತು. ಮೊದಲ ಸ್ಥಾನ ಬಿಟ್ಟುಕೊಡದೆ ಕೂತಿದ್ದು ಪಿಂಕ್ ಫ್ಲಾಯ್ಡ್‌ನ 'ದಿ ವಾಲ್'.

1981ರಲ್ಲಿ ಮತ್ತೊಂದು ಜಗಳ. 'ಹಾರ್ಡ್ ಪ್ರಾಮಿಸಸ್' ಆಲ್ಬಮ್ಮಿಗೆ ಕಂಪನಿ 8.98 ಡಾಲರ್ ಬದಲು 9.98 ಇಡುವುದಾಗಿ ಹೇಳಿತು. ಒಂದು ಡಾಲರ್ ಹೆಚ್ಚು ಬಂದರೆ ಅವನಿಗೂ ಲಾಭವೇ. ಆದರೂ ಹಟ ಹಿಡಿದ, ಆಲ್ಬಮ್ ಹೆಸರನ್ನೇ '$8.98' ಅಂತ ಇಡುತ್ತೇನೆ ಎಂದ. ಕಂಪನಿ ಮಣಿಯಿತು. ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ರೆಕಾರ್ಡು ಕೊಳ್ಳುವ ಹುಡುಗನ ಪರವಾಗಿ ನಿಂತ ಸ್ಟಾರ್‌ಗಳು ಎಷ್ಟು ಜನ ಇದ್ದಾರೆ? ಅದಕ್ಕೇ ನನಗೆ ಈ ಮನುಷ್ಯನ ಮೇಲೆ ಗೌರವ.

ಧಾರವಾಡದಾಕಿ

ಭಾಳ ಛಂದ ಬರದೀರಿ. ಹಂಗಾದ್ರ ಬ್ಯಾಂಡಿನ ಒಳಗಿನ ರೊಕ್ಕದ ಮಾತೂ ಹೇಳಿಬಿಡ್ರಿ. ಮೊದಲಿಗೆ ಎಲ್ಲಾರಿಗೂ ಸಮಪಾಲು ಇತ್ತು, ಆಮ್ಯಾಲೆ ಮ್ಯಾನೇಜರ್ ಬಂದು ಪೆಟ್ಟಿಗೆ ಅರ್ಧ, ಉಳದ ನಾಲ್ಕು ಮಂದಿಗೆ ಇನ್ನರ್ಧ ಅಂತ ಮಾಡಿದ್ರು. ಸ್ಟ್ಯಾನ್ ಲಿಂಚ್‌ಗ ಅದು ಚುಚ್ಚತಿತ್ತು. ಐವರ ಹಾಡು ಅಂತೀರಿ, ಪಗಾರ ನೋಡಿದ್ರ ಒಬ್ಬನ ಬ್ಯಾಂಡು.

ಹಕ್ಕುಪತ್ರ

ನಿಮ್ಮ ಮಾತು ನಿಜ, ಮೇಡಂ. ಅದನ್ನು ಮುಚ್ಚಿಡುವಂಥದ್ದೇನಿಲ್ಲ. ಆದರೆ ಆ ಹಂಚಿಕೆ ಆದ ಮೇಲೂ ಕ್ಯಾಂಪ್‌ಬೆಲ್, ಟೆಂಚ್ ದಶಕಗಟ್ಟಲೆ ಉಳಿದರು. ಇಬ್ಬರಿಗೂ ಹೊರಗೆ ಬೇಕಾದಷ್ಟು ಕೆಲಸವಿತ್ತು. ಪೆಟ್ಟಿ ಬೇಡವೆಂದು ಬಿಟ್ಟ ಒಂದು ಟ್ಯೂನನ್ನು ಕ್ಯಾಂಪ್‌ಬೆಲ್ ಈಗಲ್ಸ್ ಬ್ಯಾಂಡಿನ ಡಾನ್ ಹೆನ್ಲಿಗೆ ಕೊಟ್ಟ, ಅದು 1984ರಲ್ಲಿ 'ದಿ ಬಾಯ್ಸ್ ಆಫ್ ಸಮ್ಮರ್' ಆಯಿತು. ಅಂಥವನು ದುಡ್ಡಿಗಾಗಿ ಮಾತ್ರ ಉಳಿದ ಅನ್ನಲಾರೆ.

ಗೇನ್ಸ್‌ವಿಲ್_ದಿನಗಳು

ಪೆಟ್ಟಿಯ ಊರು ಗೇನ್ಸ್‌ವಿಲ್‌ನಲ್ಲಿ ಐದು ವರ್ಷ ಓದಿದವಳು ನಾನು, ಯೂನಿವರ್ಸಿಟಿ ಆಫ್ ಫ್ಲೋರಿಡಾದಲ್ಲಿ. ಅಲ್ಲಿಗೆ ಹೋಗುವ ಮುಂಚೆ ಪೆಟ್ಟಿಯ ಹೆಸರೂ ಗೊತ್ತಿರಲಿಲ್ಲ.

ಹೋದ ಮೊದಲ ವಾರವೇ ಸೀನಿಯರ್ ಒಬ್ಬಳು ಬೀಟಿ ಟವರ್ಸ್ ಹಾಸ್ಟೆಲ್ ತೋರಿಸಿ, 'ಅಮೆರಿಕನ್ ಗರ್ಲ್' ಹಾಡು ಇಲ್ಲಿಂದ ಹಾರಿಕೊಂಡ ಹುಡುಗಿಯ ಬಗ್ಗೆ ಅಂದಳು. ಹಾಡಿನಲ್ಲಿ 441 ಹೆದ್ದಾರಿಯ ಮಾತು ಬರುತ್ತದೆ, ಆ ಹೆದ್ದಾರಿ ಕ್ಯಾಂಪಸ್ ಪಕ್ಕದಲ್ಲೇ ಹಾದು ಹೋಗುತ್ತದೆ, ಹಾಗಾಗಿ ಎಲ್ಲರೂ ನಂಬುತ್ತಾರೆ. ನಾನೂ ವರ್ಷಗಟ್ಟಲೆ ನಂಬಿದ್ದೆ. ಆದರೆ ಪೆಟ್ಟಿ ಅದನ್ನು ಅಲ್ಲಗಳೆದಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಫ್ರೀವೇ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದಾಗ, ರಾತ್ರಿ ಕಾರುಗಳು ಹೋಗುವ ಸದ್ದು ಸಮುದ್ರದ ಹಾಗೆ ಕೇಳುತ್ತಿತ್ತಂತೆ. ಹಾಡಿನ ಅಲೆಗಳು ಅಲ್ಲಿಂದ ಬಂದವು. ಊರು ಬಿಟ್ಟು ಸಾವಿರಾರು ಮೈಲಿ ದೂರ ಕೂತು ಊರಿನ ಹೆದ್ದಾರಿಯ ನಂಬರ್ ನೆನಪಿಸಿಕೊಂಡ ಹುಡುಗ ಅಂತ ಗೊತ್ತಾದ ಮೇಲೆ ನನಗೆ ಆ ಹಾಡು ಇನ್ನೂ ಹತ್ತಿರವಾಯಿತು.

ಹಳೇಕ್ಯಾಸೆಟ್ ಅವರಿಗೆ ಇಷ್ಟವಾಗುವ ಸಂಗತಿ ಒಂದಿದೆ. ಬೆನ್ಮಾಂಟ್ ಟೆಂಚ್ ಅವರ ತಂದೆ ಗೇನ್ಸ್‌ವಿಲ್‌ನಲ್ಲಿ ನ್ಯಾಯಾಧೀಶರು. ಮಗ ಒಳ್ಳೆಯ ಕಾಲೇಜಿನಲ್ಲಿದ್ದ. ಓದು ಬಿಟ್ಟು ಬ್ಯಾಂಡಿಗೆ ಬರಲಿ ಅಂತ ಕೇಳಲು ಪೆಟ್ಟಿ ಸೀದಾ ಆ ಜಡ್ಜ್ ಹತ್ತಿರ ಹೋಗಿ ಮಾತಾಡಿ ಒಪ್ಪಿಸಿದರು. ಮನೆಯಲ್ಲಿ ಮಗ ಓದು ಬಿಡುತ್ತೇನೆಂದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಬ್ಬರ ಮನೆಯ ಮಗನಿಗಾಗಿ ಹೋಗಿ ಕೇಳಿದ್ದು, ಅದೂ ಜಡ್ಜ್ ಹತ್ತಿರ!

2017ರ ಅಕ್ಟೋಬರ್ 2ರಂದು ಪೆಟ್ಟಿ ತೀರಿಕೊಂಡರು, ಅರವತ್ತಾರು ವರ್ಷ. ಆ ವಾರದ ಶನಿವಾರ ನಾನು ಫುಟ್‌ಬಾಲ್ ಸ್ಟೇಡಿಯಂನಲ್ಲಿದ್ದೆ. ಮೂರನೇ ಕ್ವಾರ್ಟರ್ ಮುಗಿದಾಗ 'ಐ ವೋಂಟ್ ಬ್ಯಾಕ್ ಡೌನ್' ಹಾಕಿದರು. ಮೊದಲ ಸಾಲಿಗೆ ಜನ ಸುಮ್ಮನಿದ್ದರು. ಎರಡನೆಯ ಸಾಲಿನಿಂದ ಇಡೀ ಸ್ಟೇಡಿಯಂ ಹಾಡತೊಡಗಿತು. ನನ್ನ ಪಕ್ಕದ ಹಿರಿಯರೊಬ್ಬರು ಕ್ಯಾಪ್ ತೆಗೆದು ಎದೆಗೆ ಒತ್ತಿಕೊಂಡು ಹಾಡುತ್ತಿದ್ದರು, ಕಣ್ಣು ಒರೆಸಿಕೊಳ್ಳಲೂ ಇಲ್ಲ. ಅಂದು ಶುರುವಾದದ್ದು ಅಲ್ಲಿ ರೂಢಿಯಾಗಿಬಿಟ್ಟಿತು. ಮರುವರ್ಷ ಪೆಟ್ಟಿ ಆಡಿ ಬೆಳೆದ ಪಾರ್ಕಿಗೆ ಅವರ ಹೆಸರಿಟ್ಟರು.

ಸಂಜೆಮಲ್ಲಿಗೆ

ನಿಮ್ಮದನ್ನು ಓದಿ ಕಣ್ಣು ತುಂಬಿ ಬಂತು.

'ಐ ವೋಂಟ್ ಬ್ಯಾಕ್ ಡೌನ್' ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ವಿಷಯ. ರೆಕಾರ್ಡಿಂಗ್ ದಿನ ಪೆಟ್ಟಿಗೆ ಜೋರು ನೆಗಡಿ, ಮೂಗು ಕಟ್ಟಿತ್ತು. ಹಿನ್ನೆಲೆ ಹಾಡಲು, ಗಿಟಾರ್ ನುಡಿಸಲು ಬಂದಿದ್ದ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಅಂಗಡಿಗೆ ಹೋಗಿ ಹಸಿ ಶುಂಠಿ ತಂದು, ಪಾತ್ರೆಯಲ್ಲಿ ಕುದಿಸಿ, ಇವನ ತಲೆ ಬಗ್ಗಿಸಿ ಹಬೆ ತೆಗೆದುಕೊಳ್ಳುವಂತೆ ಮಾಡಿದ. ಮೂಗು ಬಿಟ್ಟ ತಕ್ಷಣ ಓಡಿ ಹೋಗಿ ಹಾಡಿದ್ದೇ ನಾವೀಗ ಕೇಳುತ್ತಿರುವುದು. ನಮ್ಮಜ್ಜಿ ತಲೆ ಮೇಲೆ ಟವೆಲ್ ಹೊದಿಸಿ ಹೀಗೇ ಹಬೆ ಕೊಡುತ್ತಿದ್ದರು. ಅದಕ್ಕೇ ಆ ಹಾಡು ಕೇಳಿದಾಗಲೆಲ್ಲ ನನಗೆ ಶುಂಠಿ ವಾಸನೆ ಬಂದ ಹಾಗಾಗುತ್ತದೆ.

ಟ್ರಾವೆಲಿಂಗ್ ವಿಲ್ಬರೀಸ್ ಎಂಬ ಬ್ಯಾಂಡ್ ಕೂಡ ಅದೇ ಗೆಳೆತನದ್ದು. 1988ರಲ್ಲಿ ಹ್ಯಾರಿಸನ್‌ಗೆ ಒಂದು ಸಿಂಗಲ್‌ನ ಹಿಂಬದಿಗೆ ಹಾಡು ಬೇಕಿತ್ತು. ಟಾಮ್ ಪೆಟ್ಟಿಯ ಮನೆಯಲ್ಲಿ ತನ್ನ ಗಿಟಾರ್ ಉಳಿದುಬಿಟ್ಟಿತ್ತು, ತರಲು ಹೋದವನು ನೀನೂ ಬಾ ಅಂತ ಕರೆದುಕೊಂಡು ಬಂದ. ಡಿಲನ್, ರಾಯ್ ಆರ್ಬಿಸನ್, ಜೆಫ್ ಲಿನ್ ಎಲ್ಲ ಸೇರಿ ಡಿಲನ್‌ನ ಗ್ಯಾರೇಜಿನಲ್ಲಿ 'ಹ್ಯಾಂಡಲ್ ವಿತ್ ಕೇರ್' ಮಾಡಿದರು. ಹ್ಯಾರಿಸನ್ ಹೋಗಿ ಒಂದು ವರ್ಷಕ್ಕೆ, 2002ರ ನವೆಂಬರ್ 29ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನೆನಪಿನ ಕಾರ್ಯಕ್ರಮವಾಯಿತು. ಮೊದಲ ಭಾಗದಲ್ಲಿ ರವಿಶಂಕರ್ ರಚನೆಯನ್ನು ಅನುಷ್ಕಾ ಶಂಕರ್ ನಡೆಸಿಕೊಟ್ಟರು, ಆಮೇಲೆ ಅದೇ ವೇದಿಕೆಗೆ ಹಾರ್ಟ್‌ಬ್ರೇಕರ್ಸ್ ಬಂದು 'ಹ್ಯಾಂಡಲ್ ವಿತ್ ಕೇರ್' ಹಾಡಿದರು.

ತಾಳಬದ್ಧ

ಎಲ್ಲರೂ ಗಿಟಾರ್, ಆರ್ಗನ್ ಅಂತಿದ್ದೀರಿ. ಡ್ರಮ್ ಬಗ್ಗೆ ನಾನೊಬ್ಬನೇ ಮಾತಾಡಬೇಕು.

ಈ ಬ್ಯಾಂಡಿಗೆ ಎರಡು ಜನ್ಮ. 1994ರವರೆಗೆ ಸ್ಟ್ಯಾನ್ ಲಿಂಚ್, ಆಮೇಲೆ ಸ್ಟೀವ್ ಫೆರೋನ್. ಫೆರೋನ್ ಇಂಗ್ಲೆಂಡಿನ ಬ್ರೈಟನ್‌ನವರು, ಆವರೇಜ್ ವೈಟ್ ಬ್ಯಾಂಡ್‌ನಲ್ಲಿದ್ದವರು. ಅವರ ಲಯ ಗೋಡೆ ಇದ್ದ ಹಾಗೆ, ಒರಗಿಕೊಂಡರೂ ಅಲುಗುವುದಿಲ್ಲ. ಲಿಂಚ್ ಹಾಗಲ್ಲ. ಹಾಡು ಬಿಸಿಯೇರಿದರೆ ಅವನೂ ಬಿಸಿಯೇರುತ್ತಾನೆ. ವೇದಿಕೆಯಲ್ಲಿ ಪೆಟ್ಟಿಯ ಬೆನ್ನನ್ನೇ ನೋಡುತ್ತಾ, ಅವನ ಭುಜ ಅಲುಗಿದ್ದಕ್ಕೆ ಸರಿಯಾಗಿ ಪೆಟ್ಟು ಹಾಕುವವನು. ಸ್ಟುಡಿಯೋದಲ್ಲಿ ಅದೇ ಜಗಳಕ್ಕೆ ಕಾರಣವಾಯಿತು. 'ಫುಲ್ ಮೂನ್ ಫೀವರ್' ಹಾಡುಗಳನ್ನು ಕಾರ್ಯಕ್ರಮದಲ್ಲಿ ನುಡಿಸುವುದು ಅವನಿಗೆ ಇಷ್ಟವಿರಲಿಲ್ಲ. ನನಗೆ ಅವನ ಸಂಕಟ ಅರ್ಥವಾಗುತ್ತದೆ. ನೀವು ಮಾಡದ ಅಡುಗೆಯನ್ನು ನಿಮ್ಮ ಕೈಯಲ್ಲೇ ಬಡಿಸಿ ಅಂದರೆ?

ಬಾಸ್ ಗಿಟಾರ್ ನುಡಿಸುವವರ ಕಥೆ ಇನ್ನೂ ನೋವಿನದು. ರಾನ್ ಬ್ಲೇರ್ 1982ರಲ್ಲಿ ಬಿಟ್ಟ, ಹೋವಿ ಎಪ್‌ಸ್ಟೈನ್ ಬಂದ. ಹೋವಿಯ ಮೇಲುಶ್ರುತಿಯ ದನಿ ಪೆಟ್ಟಿಯ ದನಿಗೆ ಹೊಂದಿದ ಹಾಗೆ ಬೇರೆ ಯಾರದೂ ಹೊಂದಲಿಲ್ಲ. ಆದರೆ ಹೆರಾಯಿನ್ ಹಿಡಿದುಬಿಟ್ಟಿತ್ತು. 1999ರ 'ಎಕೋ' ಆಲ್ಬಮ್ ಮುಖಪುಟ ತೆಗೆದು ನೋಡಿ, ಹೋವಿ ಇಲ್ಲ. ಫೋಟೋ ತೆಗೆಯುವ ದಿನ ಬರಲೇ ಇಲ್ಲ. ಅವನಿಲ್ಲದೆಯೇ ತೆಗೆಸಿಬಿಟ್ಟರು. 2002ರಲ್ಲಿ ಅವನನ್ನು ಬಿಡಬೇಕಾಯಿತು, ಬ್ಲೇರ್ ಇಪ್ಪತ್ತು ವರ್ಷದ ಮೇಲೆ ವಾಪಸ್ ಬಂದ. 2003ರ ಫೆಬ್ರವರಿಯಲ್ಲಿ ಹೋವಿ ತೀರಿಕೊಂಡ. ಪೆಟ್ಟಿಗೂ ತೊಂಬತ್ತರ ದಶಕದಲ್ಲಿ ಅದೇ ಚಟ ಅಂಟಿತ್ತು ಅನ್ನುವುದು 2015ರಲ್ಲಿ ಬಂದ ಜೀವನಚರಿತ್ರೆಯಿಂದಲೇ ಹೊರಗೆ ಗೊತ್ತಾದದ್ದು.

ಆರುತಂತಿ

ತಾಳಬದ್ಧ ಅಣ್ಣ, ಆ ಮುಖಪುಟ ಎಷ್ಟು ಸಲ ನೋಡಿದ್ದೇನೋ, ಒಬ್ಬ ಕಮ್ಮಿ ಅನ್ನೋದು ಗಮನಕ್ಕೇ ಬಂದಿರಲಿಲ್ಲ.

ಹಕ್ಕುಪತ್ರ

ಮೆಚ್ಚುಗೆಯ ಜೊತೆ ತಪ್ಪನ್ನೂ ಹೇಳೋಣ. 1985ರ 'ಸದರ್ನ್ ಆಕ್ಸೆಂಟ್ಸ್' ಪ್ರವಾಸದಲ್ಲಿ ವೇದಿಕೆ ಮೇಲೆ ಕಾನ್ಫೆಡರೇಟ್ ಧ್ವಜ ಬಳಸಿದರು. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದವರ ಧ್ವಜ ಅದು. ಕರಿಯರಿಗೆ ಅದನ್ನು ನೋಡಿದರೆ ಏನನ್ನಿಸುತ್ತದೆ ಎಂದು ಯೋಚಿಸಲಿಲ್ಲ. ಆಮೇಲೆ ಜನ ಅದನ್ನು ತರಬಾರದೆಂದು ವೇದಿಕೆಯಿಂದಲೇ ಹೇಳಿದ. 2015ರಲ್ಲಿ, ಅದು ನನ್ನ ಮೂರ್ಖತನ ಅನ್ನುವ ಅರ್ಥದಲ್ಲಿ ನೇರವಾಗಿ ಒಪ್ಪಿಕೊಂಡ. ಅದೇ ಆಲ್ಬಮ್ ಮಾಡುವಾಗ ಮಿಕ್ಸಿಂಗ್ ಸರಿಬರಲಿಲ್ಲವೆಂಬ ಸಿಟ್ಟಿಗೆ ಗೋಡೆಗೆ ಗುದ್ದಿ ಎಡಗೈ ಮೂಳೆ ಪುಡಿ ಮಾಡಿಕೊಂಡಿದ್ದ. ಮತ್ತೆ ಗಿಟಾರ್ ಹಿಡಿಯುತ್ತಾನೋ ಇಲ್ಲವೋ ಎನ್ನುವ ಮಟ್ಟಕ್ಕೆ ಹೋಗಿತ್ತು.

ಹಳೇಕ್ಯಾಸೆಟ್

ಧಾರವಾಡದ ಅಕ್ಕನಿಗೆ ಒಂದು ಕೋರಿಕೆ. 'ವೈಲ್ಡ್‌ಫ್ಲವರ್ಸ್' ಆಲ್ಬಮ್ ಮತ್ತೊಮ್ಮೆ ಕೇಳಿ. 1994, ರಿಕ್ ರೂಬಿನ್ ನಿರ್ಮಾಣ. ಅದರ ಮೇಲೂ ಪೆಟ್ಟಿ ಒಬ್ಬನದೇ ಹೆಸರಿದೆ, ಆದರೆ ನುಡಿಸಿದವರಲ್ಲಿ ಕ್ಯಾಂಪ್‌ಬೆಲ್, ಟೆಂಚ್, ಹೋವಿ ಇದ್ದಾರೆ, ಫೆರೋನ್ ಒಳಗೆ ಬಂದದ್ದೂ ಇದರಿಂದಲೇ. ಎರಡು ಡಿಸ್ಕ್ ಆಗಬೇಕೆಂದು ಮಾಡಿದ್ದನ್ನು ಕಂಪನಿಯ ಮಾತಿಗೆ ಒಂದಕ್ಕೆ ಇಳಿಸಿದರು. ಉಳಿದ ಹಾಡುಗಳು ಪೂರ್ತಿ ಹೊರಬಂದದ್ದು 2020ರಲ್ಲಿ, ಅವನು ಹೋದ ಮೇಲೆ. ಕೊನೆಯ ಹಾಡು 'ವೇಕ್ ಅಪ್ ಟೈಮ್'ನಲ್ಲಿ ಪಿಯಾನೋ ಮಾತ್ರ ಗಮನಿಸಿ.

ಧಾರವಾಡದಾಕಿ

ನಿನ್ನೆ ರಾತ್ರಿ ಊಟ ಮುಗಿಸಿ, ದೀಪ ಆರಿಸಿ ಕೇಳಿದೆ. ಎರಡು ಸಲ.

ಖರೆ ಹೇಳ್ತೀನಿ, ಆ ಪಿಯಾನೋ ನುಡಿಸಾಂವ ಹಾಡಾಂವನ ಉಸಿರು ಎಲ್ಲಿ ಮುಗಿತದ ಅನ್ನೂದನ್ನ ಮೊದಲ ಬಲ್ಲ. ಪೆಟ್ಟಿ ಒಂದು ಸಾಲು ಬಿಟ್ಟ ಕೂಡಲೆ ತಾ ನುಗ್ಗೂದಿಲ್ಲ, ಒಂದು ಕ್ಷಣ ತಡೀತಾನ, ಆಮ್ಯಾಲೆ ಮೆಲ್ಲಕ ಎರಡು ಸ್ವರ ಇಡತಾನ. ಭಾಡಿಗಿಗೆ ಬಂದಾಂವ ಹಂಗ ತಡಿಯೂದಿಲ್ಲ. ಹಾಡು ಒಬ್ಬನದು ಅನ್ನೂ ಮಾತು ನಾ ಇನ್ನೂ ಬಿಟ್ಟಿಲ್ರೀ. ಆದ್ರ ಅಂವ ಹಾಡು ಬರಿಯೂವಾಗ ಆ ಎರಡು ಸ್ವರಕ್ಕ ಜಾಗಾ ಬಿಟ್ಟೇ ಬರದಿರಬೇಕು ಅನಸ್ತು.

ತಾಳಬದ್ಧ

ಮೇಡಂ, ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಗೇನ್ಸ್‌ವಿಲ್_ದಿನಗಳು

ಪೆಟ್ಟಿಯ ಕೊನೆಯ ಪ್ರವಾಸದ ಬಗ್ಗೆ ಒಂದು ಮಾತು. ನಲವತ್ತನೇ ವರ್ಷದ ಪ್ರವಾಸ ಅದು. ಸೊಂಟದ ಮೂಳೆ ಬಿರುಕು ಬಿಟ್ಟಿದ್ದರೂ 53 ಕಾರ್ಯಕ್ರಮ ನಡೆಸಿಕೊಟ್ಟರು ಅಂತ ಅವರ ಮನೆಯವರು ಆಮೇಲೆ ತಿಳಿಸಿದರು. ನೋವಿಗೆಂದು ತೆಗೆದುಕೊಂಡ ಹಲವು ಔಷಧಿಗಳು ಸೇರಿ ಜೀವ ತೆಗೆದವು, ಅದರಲ್ಲಿ ಫೆಂಟಾನಿಲ್ ಎಂಬ ತೀವ್ರ ನೋವುನಿವಾರಕ ಕೂಡ ಇತ್ತು. ಕಾರ್ಯಕ್ರಮಗಳನ್ನು ನಿಲ್ಲಿಸಬಹುದಿತ್ತು. ಜೊತೆಗಾರರ ಜೊತೆ ಈ ಪ್ರವಾಸ ಮುಗಿಸಲೇಬೇಕು ಅಂತ ನಿಲ್ಲಿಸಲಿಲ್ಲ.

ಹಳೇಕ್ಯಾಸೆಟ್

ಹಾಲಿವುಡ್ ಬೌಲ್‌ನಲ್ಲಿ ಅವತ್ತು ಕೊನೆಗೆ ನುಡಿಸಿದ್ದು 'ಅಮೆರಿಕನ್ ಗರ್ಲ್'. 1976ರ ಜುಲೈ 4ರಂದು ಆ ಹಾಡನ್ನು ರೆಕಾರ್ಡ್ ಮಾಡಿದ ಐವರಲ್ಲಿ ನಾಲ್ವರು ಆ ರಾತ್ರಿಯೂ ವೇದಿಕೆ ಮೇಲಿದ್ದರು: ಪೆಟ್ಟಿ, ಕ್ಯಾಂಪ್‌ಬೆಲ್, ಟೆಂಚ್, ಬ್ಲೇರ್.

ತಾಳಬದ್ಧ

ಐದನೆಯವನ ಬಗ್ಗೆ ನಾನು ಹೇಳ್ತೇನೆ. 2002ರ ಮಾರ್ಚ್, ನ್ಯೂಯಾರ್ಕ್, ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಇವರನ್ನು ಸೇರಿಸಿದ ರಾತ್ರಿ. ಎಂಟು ವರ್ಷದಿಂದ ದೂರವಿದ್ದ ಸ್ಟ್ಯಾನ್ ಲಿಂಚ್ ಬಂದು ಮತ್ತೆ ಇವರ ಹಿಂದೆ ಡ್ರಮ್ ಮುಂದೆ ಕೂತ. 'ಅಮೆರಿಕನ್ ಗರ್ಲ್' ನುಡಿಸಿದರು. ವಿಡಿಯೋ ಸಿಕ್ಕರೆ ಪೆಟ್ಟಿಯನ್ನು ಬಿಟ್ಟು ಅವನನ್ನೇ ನೋಡಿ, ಇಡೀ ಹಾಡು.